ಮಹಾತ್ಮ ಗಾಂಧೀಜಿ ಮತ್ತು ಆಹಾರ ನಿಯಮ

ರಾಷ್ಟ್ರಪಿತ ಮಹಾತ್ಮ ಗಾಂಧೀಜಿಯವರ ಜೀವನವನ್ನು ಸ್ವಾತಂತ್ರ್ಯ ಹೋರಾಟದ ಇತಿಹಾಸವಾಗಿ ನಾಡಿನ ಜನತೆ ಬಲ್ಲರು. ಅದೇ ಜೀವನದಲ್ಲಿ ಇನ್ನೊಂದು ದೀರ್ಘ ಹೋರಾಟವೂ ಅಡಗಿದೆ. ಅದು ಅವರ ಊಟದ ತಟ್ಟೆಗೆ ಸಂಬಂಧಿಸಿದುದು. ಹಿತವಾದ, ಮಿತವಾದ ಆಹಾರವನ್ನು ಗೊತ್ತುಮಾಡಿಕೊಂಡು ಅದನ್ನು ಕೊನೆಯವರೆಗೆ ಪಾಲಿಸಬೇಕೆಂದು ಸುಮಾರು ಅರವತ್ತು ವರ್ಷಗಳ ಕಾಲ ಅವರು ಪ್ರಯತ್ನಿಸಿದರು. ಈ ಪ್ರಯತ್ನದಲ್ಲಿ ಅನೇಕ ಬಾರಿ ಸೋತರು, ಎರಡು ಮೂರು ಬಾರಿ ಪ್ರಾಣಾಪಾಯಕ್ಕೂ ಗುರಿಯಾದರು. ತಮ್ಮ ಸೋಲುಗಳನ್ನು ಮರೆಮಾಚದೆ ತಾವೇ ಬರೆದಿಟ್ಟಿರುವುದರಿಂದ ಈ ವಿವರಗಳು ನಮಗೆ ಲಭ್ಯವಾಗಿವೆ.

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಗುಜರಾತಿನ ಪೋರಬಂದರಿನಲ್ಲಿ ವೈಷ್ಣವ ಮನೆತನದಲ್ಲಿ ಜನಿಸಿದರು. ತಾಯಿ ಪುತಲೀಬಾಯಿಯವರು ವ್ರತನಿಷ್ಠರು. ಒಂದು ಚಾತುರ್ಮಾಸದಲ್ಲಿ ಸೂರ್ಯದರ್ಶನವಾಗದೆ ಊಟ ಮಾಡುವುದಿಲ್ಲವೆಂದು ಆಕೆ ಸಂಕಲ್ಪ ತೊಟ್ಟಿದ್ದರು. ಮಳೆಗಾಲದ ಆಕಾಶವನ್ನೇ ನೋಡುತ್ತ ನಿಂತ ಮಕ್ಕಳು ಸೂರ್ಯ ಕಂಡೊಡನೆ ಓಡಿಹೋಗಿ ತಾಯಿಗೆ ತಿಳಿಸುತ್ತಿದ್ದರು. ಆಕೆ ಹೊರಗೆ ಬರುವಷ್ಟರಲ್ಲಿ ಸೂರ್ಯ ಮೋಡದಲ್ಲಿ ಮರೆಯಾದರೆ ಬೇಸರವಿಲ್ಲದೆ ಮತ್ತೆ ಕೆಲಸಕ್ಕೆ ಮರಳುತ್ತಿದ್ದರು. ಊಟವೆಂಬುದು ವ್ರತದ ವಿಷಯ ಎಂಬ ಭಾವನೆ ಬಾಲಕನಲ್ಲಿ ಬೇರೂರಿದುದು ಇಲ್ಲಿಯೇ ಎನ್ನಬಹುದು.

ಆದರೆ ಆ ಬಾಲಕನೇ ಹೈಸ್ಕೂಲಿನ ದಿನಗಳಲ್ಲಿ ಗೆಳೆಯನೊಬ್ಬನ ಪ್ರೇರಣೆಯಿಂದ, ಮಾಂಸ ತಿಂದರೆ ಆಂಗ್ಲರಂತೆ ಬಲಿಷ್ಠನಾಗಬಹುದೆಂದು ನಂಬಿ, ನದಿಯ ತೀರದ ಏಕಾಂತ ಸ್ಥಳದಲ್ಲಿ ಕದ್ದು ಮೇಕೆಯ ಮಾಂಸ ತಿಂದನು. ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಮೇಕೆ ಅರಚಿದಂತೆ ಭಾಸವಾಗಿ ನಿದ್ರೆ ಬರಲಿಲ್ಲ. ಸುಮಾರು ಒಂದು ವರ್ಷದ ಅವಧಿಯಲ್ಲಿ ಇಂತಹ ಐದಾರು ಔತಣಗಳು ನಡೆದವು. ಕೊನೆಗೆ ಅದನ್ನು ಬಿಟ್ಟುದು ಮಾಂಸದ ಮೇಲಿನ ಅಸಹ್ಯದಿಂದಲ್ಲ, ತಾಯಿತಂದೆಯರ ಮುಂದೆ ಸುಳ್ಳು ಹೇಳಲಾರದ ಸಂಕಟದಿಂದ.

1888ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಡುವ ಮುನ್ನ ಬೇಚರಜೀ ಸ್ವಾಮಿ ಎಂಬ ಜೈನ ಯತಿಗಳ ಸಮ್ಮುಖದಲ್ಲಿ ಅವರು ತಾಯಿಗೆ ಮೂರು ಮಾತುಗಳನ್ನು ಕೊಟ್ಟರು. ಮದ್ಯ, ಮಾಂಸ ಮತ್ತು ಪರಸ್ತ್ರೀ ಸಂಗವನ್ನು ಮುಟ್ಟುವುದಿಲ್ಲವೆಂಬುದೇ ಆ ವಚನ. ಲಂಡನ್ನಿನಲ್ಲಿ ಈ ವಚನದ ಬೆಲೆ ಹಸಿವಾಯಿತು. ಬೆಳಿಗ್ಗೆ ಓಟ್ಸ್ ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ ಬೇಯಿಸಿದ ಸಪ್ಪೆ ಸೊಪ್ಪು, ಬ್ರೆಡ್ಡು, ಜಾಮ್ ದೊರೆಯುತ್ತಿದ್ದವು. ಎರಡು ಮೂರು ತುಂಡುಗಳಿಗಿಂತ ಹೆಚ್ಚು ಬ್ರೆಡ್ಡನ್ನು ಕೇಳಲು ಸಂಕೋಚ ಅಡ್ಡಬರುತ್ತಿತ್ತು. ಹೀಗೆ ಅಲೆಯುತ್ತಿದ್ದಾಗ ಫ್ಯಾರಿಂಗ್ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಉಪಾಹಾರ ಗೃಹ ಕಣ್ಣಿಗೆ ಬಿದ್ದಿತು. ಅಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರ ಕುರಿತ ಪುಸ್ತಕವನ್ನು ಕೊಂಡು ಓದಿದರು. ಅದುವರೆಗೆ ತಾಯಿಗಾಗಿ ಪಾಲಿಸುತ್ತಿದ್ದ ನಿಯಮವು ಅಂದಿನಿಂದ ಸ್ವಂತ ನಂಬಿಕೆಯಾಯಿತು.

ಆಮೇಲೆ ಪ್ರಯೋಗಗಳ ಸರಣಿಯೇ ಆರಂಭವಾಯಿತು. ಊರಿನಿಂದ ಬರುತ್ತಿದ್ದ ಮಸಾಲೆ ಪದಾರ್ಥಗಳನ್ನು ನಿಲ್ಲಿಸಿದರು. ಒಂದೇ ಕೊಠಡಿಗೆ ವಾಸ ಬದಲಿಸಿ, ಬೆಳಿಗ್ಗೆ ತಾವೇ ಗಂಜಿ ಮತ್ತು ಕೋಕೋ ಸಿದ್ಧಪಡಿಸಿಕೊಂಡರು. ಹಿಂದೆ ನುಂಗಲಾಗದಿದ್ದ ಸಪ್ಪೆ ಸೊಪ್ಪು ಈಗ ರುಚಿಸತೊಡಗಿತು. ರುಚಿಯ ನೆಲೆ ನಾಲಿಗೆಯಲ್ಲ, ಮನಸ್ಸು ಎಂಬ ತೀರ್ಮಾನಕ್ಕೆ ಅವರು ಬಂದುದು ಈ ಅನುಭವದಿಂದ. ಮೊಟ್ಟೆ ಮಾಂಸವಲ್ಲವೆಂಬ ವಾದಕ್ಕೆ ಒಪ್ಪಿ ಕೆಲಕಾಲ ಅದನ್ನು ಸೇವಿಸಿದರು. ತಾಯಿಯ ಅರ್ಥದಲ್ಲಿ ಮೊಟ್ಟೆಯೂ ಮಾಂಸವೇ ಎಂದು ಹೊಳೆದೊಡನೆ ಬಿಟ್ಟರು. ವಚನವನ್ನು ಕೊಟ್ಟವನಿಗಲ್ಲ, ಪಡೆದವರಿಗೆ ಅದು ಹೇಗೆ ಅರ್ಥವಾಗಿತ್ತೋ ಹಾಗೆ ಪಾಲಿಸಬೇಕೆಂಬುದು ಅವರ ನಿಲುವಾಗಿತ್ತು. ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹಾಲಿನ ವಿಷಯದಲ್ಲಿ ಇದೇ ನಿಲುವು ಅವರನ್ನು ಕಾಡಿತು.

ದಕ್ಷಿಣ ಆಫ್ರಿಕಾದಲ್ಲಿ

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ತೆರಳಿದ ಗಾಂಧೀಜಿಯವರು ಅದೇ ವರ್ಷ ಪ್ರಿಟೋರಿಯಾದಲ್ಲಿ ಬೇಯಿಸದ ಕಾಳು, ಹಣ್ಣುಗಳನ್ನೇ ತಿಂದು ನೋಡಿದರು. ಕೆಲವೇ ದಿನಗಳಲ್ಲಿ ನಿಶ್ಶಕ್ತಿಯುಂಟಾಗಿ ಪ್ರಯೋಗ ನಿಂತಿತು. ಜೋಹಾನ್ಸ್‌ಬರ್ಗಿನಲ್ಲಿ ಮಲಬದ್ಧತೆ ಮತ್ತು ತಲೆನೋವು ಕಾಡಿದಾಗ ಬೆಳಗಿನ ಉಪಾಹಾರವನ್ನು ಬಿಟ್ಟರು. ತಲೆನೋವು ಮಾಯವಾಯಿತು. ತಾವು ಅಗತ್ಯಕ್ಕಿಂತ ಹೆಚ್ಚು ತಿನ್ನುತ್ತಿದ್ದೆವೆಂದು ಅವರಿಗೆ ಆಗ ಮನವರಿಕೆಯಾಯಿತು.

ಅವರ ಪ್ರಯೋಗಗಳ ಭಾರ ಅವರೊಬ್ಬರ ಮೇಲೆಯೇ ಬೀಳಲಿಲ್ಲ. ಕಸ್ತೂರಬಾ ಅವರು ಶಸ್ತ್ರಚಿಕಿತ್ಸೆಯ ನಂತರವೂ ಮರುಕಳಿಸಿದ ರಕ್ತಸ್ರಾವದಿಂದ ಬಳಲುತ್ತಿದ್ದಾಗ ಉಪ್ಪು ಮತ್ತು ಬೇಳೆಗಳನ್ನು ಬಿಡುವಂತೆ ಗಾಂಧೀಜಿ ಒತ್ತಾಯಿಸಿದರು. ವೈದ್ಯರು ಹೇಳಿದರೆ ನೀವಾದರೂ ಇವನ್ನು ಬಿಡುವಿರಾ ಎಂಬ ಅರ್ಥದಲ್ಲಿ ಆಕೆ ಸವಾಲೆಸೆದರು. ಗಾಂಧೀಜಿ ತತ್‌ಕ್ಷಣವೇ ಒಂದು ವರ್ಷ ಎರಡನ್ನೂ ತ್ಯಜಿಸುವುದಾಗಿ ಘೋಷಿಸಿದರು. ಆಕೆ ಕಣ್ಣೀರಿಟ್ಟು, ತಾನು ಬಿಡುತ್ತೇನೆ, ನೀವು ಮಾತನ್ನು ಹಿಂತೆಗೆದುಕೊಳ್ಳಿ ಎಂದು ಬೇಡಿಕೊಂಡರೂ ಒಪ್ಪಲಿಲ್ಲ. ಆಕೆ ಗುಣಮುಖರಾದರು. ಗಾಂಧೀಜಿ ಇದನ್ನು ಮಧುರ ಸ್ಮೃತಿಯೆಂದು ಭಾವಿಸಿದ್ದಾರೆ. ಆಕೆಯ ಕಣ್ಣೀರಿನ ಬದಿಯಿಂದ ನೋಡಿದರೆ ಚಿತ್ರ ಅಷ್ಟು ಮಧುರವಾಗಿ ಕಾಣದಿರಬಹುದು.

1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಹರ್ಮನ್ ಕಲೆನ್‌ಬಾಕ್ ಅವರೊಂದಿಗೆ ಸೇರಿ ಹಾಲನ್ನು ತ್ಯಜಿಸಿದರು. ಹೆಚ್ಚು ಹಾಲು ಪಡೆಯಲು ಭಾರತದ ಕೆಲವೆಡೆ ಹಸು, ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರಗಳನ್ನು ಓದಿದ್ದು ಇದಕ್ಕೆ ಒಂದು ಕಾರಣ. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆಂಬ ನಂಬಿಕೆ ಇನ್ನೊಂದು ಕಾರಣ. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ ಮತ್ತು ಆಲಿವ್ ಎಣ್ಣೆ ಅವರ ಆಹಾರವಾಯಿತು. ಆರೋಗ್ಯದ ಬಗೆಗೆ ಅವರು ಬರೆದ ಲೇಖನಮಾಲೆ 1913ರಲ್ಲಿ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1914ರಲ್ಲಿ ಲಂಡನ್ನಿನಲ್ಲಿ ಶ್ವಾಸಕೋಶದ ಪೊರೆಯ ಉರಿಯೂತಕ್ಕೆ ತುತ್ತಾದಾಗ ವೈದ್ಯ ಜೀವರಾಜ ಮೆಹತಾ ಅವರು ಹಾಲು ಕುಡಿಯಬೇಕೆಂದರು. ಗುರುಸಮಾನರಾದ ಗೋಪಾಲಕೃಷ್ಣ ಗೋಖಲೆಯವರೂ ಒತ್ತಾಯಿಸಿದರು. ಗಾಂಧೀಜಿ ಅವರ ಮಾತನ್ನೂ ಮೀರಿದರು.

ಹರಿದ್ವಾರದ ಸಂಕಲ್ಪ

1915ರಲ್ಲಿ ಭಾರತಕ್ಕೆ ಮರಳಿದ ಬಳಿಕ ಕಲ್ಕತ್ತೆಯಲ್ಲಿ ಭೂಪೇಂದ್ರನಾಥ ಬಸು ಅವರ ಮನೆಯಲ್ಲಿ ಅತಿಥಿಯಾಗಿದ್ದರು. ಫಲಾಹಾರಿಯಾದ ಅತಿಥಿಗೆಂದು ಪಟ್ಟಣದಲ್ಲಿ ದೊರೆಯುವ ಎಲ್ಲ ಬಗೆಯ ಹಣ್ಣುಗಳನ್ನೂ ತರಿಸಲಾಯಿತು. ಮನೆಯ ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಬಾದಾಮಿ ಮುಂತಾದವುಗಳ ಸಿಪ್ಪೆ ಸುಲಿದರು. ಸರಳತೆಗಾಗಿ ಹಿಡಿದ ನಿಯಮವು ಇತರರಿಗೆ ಶ್ರಮವನ್ನೂ ವೆಚ್ಚವನ್ನೂ ತರುತ್ತಿರುವುದನ್ನು ಕಂಡು ಗಾಂಧೀಜಿ ಕಳವಳಗೊಂಡರು. ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ, ಭಾರತದಲ್ಲಿರುವಾಗ ದಿನದ ಇಪ್ಪತ್ನಾಲ್ಕು ಗಂಟೆಗಳಲ್ಲಿ ಐದಕ್ಕಿಂತ ಹೆಚ್ಚು ಪದಾರ್ಥಗಳನ್ನು ತಿನ್ನುವುದಿಲ್ಲ ಮತ್ತು ಕತ್ತಲಾದ ಮೇಲೆ ಊಟ ಮಾಡುವುದಿಲ್ಲವೆಂದು ಸಂಕಲ್ಪಿಸಿದರು. ಕಾಯಿಲೆಯಲ್ಲಿ ತೆಗೆದುಕೊಳ್ಳುವ ಔಷಧವನ್ನೂ ಈ ಐದರ ಲೆಕ್ಕಕ್ಕೇ ಸೇರಿಸಿದರು. ಹದಿಮೂರು ವರ್ಷಗಳ ನಂತರ ಆತ್ಮಕಥೆಯಲ್ಲಿ ಇದನ್ನು ದಾಖಲಿಸುವಾಗಲೂ ಈ ನಿಯಮ ಪಾಲನೆಯಲ್ಲಿತ್ತು. ಗಾಂಧೀಜಿಯವರ ನಿಯಮಗಳಲ್ಲಿ ಬಾಳಿಕೆ ಬಂದುದು ಇಂತಹುದು. ಏನನ್ನು ತಿನ್ನಬೇಕೆಂಬುದನ್ನು ಅದು ಬಿಗಿಗೊಳಿಸದೆ ಎಷ್ಟು, ಯಾವಾಗ ಎಂಬುದನ್ನು ಮಾತ್ರ ಗೊತ್ತುಮಾಡಿತ್ತು. ಊರು, ಋತು ಬದಲಾದರೂ ಅದಕ್ಕೆ ತೊಂದರೆಯಾಗಲಿಲ್ಲ.

ಹಾಲಿನ ನಿಯಮ ಅಷ್ಟು ಸುಲಭವಾಗಿ ನಿಲ್ಲಲಿಲ್ಲ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನಿಕರ ನೇಮಕಾತಿಗಾಗಿ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಿದ್ದಾಗ ಕಡಲೆಕಾಯಿಯ ಬೆಣ್ಣೆ ಮತ್ತು ನಿಂಬೆಹಣ್ಣುಗಳೇ ಅವರಿಗೆ ಆಧಾರ. ಆ ಬೆಣ್ಣೆಯನ್ನು ಮಿತಿಮೀರಿ ತಿಂದುದರಿಂದ ಸಣ್ಣಗೆ ಆಮಶಂಕೆ ಕಾಣಿಸಿತು. ಉಪವಾಸದಿಂದ ಅದು ತಹಬಂದಿಗೆ ಬರುತ್ತಿದ್ದಂತೆ ಹಬ್ಬದ ದಿನವೊಂದು ಬಂದಿತು. ಊಟ ಬೇಡವೆಂದಿದ್ದ ಪತಿಗೆ ಕಸ್ತೂರಬಾ ಅವರು ತುಪ್ಪದ ಬದಲು ಎಣ್ಣೆ ಹಾಕಿದ ಗೋಧಿಯ ಸಿಹಿಗಂಜಿಯನ್ನೂ ಒಂದು ಬಟ್ಟಲು ಹೆಸರುಕಾಳನ್ನೂ ಎತ್ತಿಟ್ಟಿದ್ದರು. ಎರಡೂ ಅವರಿಗೆ ಪ್ರಿಯವಾದವು. ಸ್ವಲ್ಪ ರುಚಿ ನೋಡುವೆನೆಂದು ಕುಳಿತವರು ಹೊಟ್ಟೆ ತುಂಬ ಉಂಡರು. ಒಂದು ಗಂಟೆಯೊಳಗೆ ಆಮಶಂಕೆ ಉಗ್ರರೂಪ ತಾಳಿತು. ಅಷ್ಟು ವರ್ಷಗಳ ಸಂಯಮವು ಒಂದು ಬಟ್ಟಲು ಸಿಹಿಯ ಮುಂದೆ ಸಡಿಲವಾದುದನ್ನು ಅವರು ಯಾವ ನೆಪವನ್ನೂ ಒಡ್ಡದೆ ಬರೆದಿದ್ದಾರೆ. ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಅವರು ತಮ್ಮ ಬಂಗಲೆಗೆ ಕರೆದೊಯ್ದು ಉಪಚರಿಸಿದರು. ಒಂದು ರಾತ್ರಿ ಇನ್ನು ಬದುಕುವುದಿಲ್ಲವೆಂದೇ ಗಾಂಧೀಜಿ ಭಾವಿಸಿದ್ದರು.

1919ರ ಆರಂಭದಲ್ಲಿ ಮುಂಬಯಿಯಲ್ಲಿ ಗುದರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದ ಡಾ. ದಲಾಲ್ ಅವರು ಹಾಲು ಕುಡಿಯದ ಹೊರತು ದೇಹ ಚೇತರಿಸಿಕೊಳ್ಳದೆಂದು ಖಚಿತವಾಗಿ ತಿಳಿಸಿದರು. ವ್ರತವಿದೆಯೆಂದು ಗಾಂಧೀಜಿ ಹೇಳಿದಾಗ, ಮಂಚದ ಬಳಿಯಿದ್ದ ಕಸ್ತೂರಬಾ ಅವರು ಮೇಕೆಯ ಹಾಲಿಗೆ ಆಕ್ಷೇಪವಿರಲಾರದೆಂದು ನುಡಿದರು. ವೈದ್ಯರೂ ಅದನ್ನೇ ಹಿಡಿದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸು, ಎಮ್ಮೆಗಳು ಮಾತ್ರ ಎಂಬ ಸಮಾಧಾನದಿಂದ ಗಾಂಧೀಜಿ ಒಪ್ಪಿದರು. ಆದರೆ ಲಂಡನ್ನಿನಲ್ಲಿ ಮೊಟ್ಟೆಯನ್ನು ಬಿಡಿಸಿದ್ದ ಅದೇ ತರ್ಕ ಇಲ್ಲಿ ಅವರ ವಿರುದ್ಧವೇ ಸಾಕ್ಷಿ ನುಡಿಯುತ್ತಿತ್ತು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತೆಂಬ ನೋವು ಅವರನ್ನು ಬಿಡಲಿಲ್ಲ. ರೌಲತ್ ಕಾಯಿದೆಯ ವಿರುದ್ಧ ಹೋರಾಡಬೇಕೆಂಬ ಆಸೆಯೇ ಬದುಕುವ ಆಸೆಗೆ ಕಾರಣವಾಯಿತೆಂದು ಅವರು ಒಪ್ಪಿಕೊಂಡಿದ್ದಾರೆ.

ಕರ್ನಾಟಕದಲ್ಲಿ ವಿಶ್ರಾಂತಿ

1927ರ ಮಾರ್ಚ್ ತಿಂಗಳಲ್ಲಿ ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿಯವರು ಕೊಲ್ಲಾಪುರ, ನಿಪ್ಪಾಣಿಗಳ ಭಾಗದಲ್ಲಿ ಅತಿಶ್ರಮದಿಂದ ಕುಸಿದರು. ರಕ್ತದೊತ್ತಡ ಹೆಚ್ಚಾಗಿದ್ದುದನ್ನು ಕಂಡ ವೈದ್ಯರು ಪೂರ್ಣ ವಿಶ್ರಾಂತಿಯನ್ನು ಸೂಚಿಸಿದರು. ಅದರಂತೆ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಮೈಸೂರು ಸಂಸ್ಥಾನದ ನಂದಿಬೆಟ್ಟದಲ್ಲಿ, ಬಳಿಕ ಆಗಸ್ಟ್ ಅಂತ್ಯದವರೆಗೆ ಬೆಂಗಳೂರಿನ ಕುಮಾರಪಾರ್ಕ್‌ನಲ್ಲಿ ತಂಗಿದ್ದರು. ಬೆಂಗಳೂರಿನಲ್ಲಿದ್ದಾಗ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ವಿದ್ಯಾರ್ಥಿಯಂತೆ ಹಸುಗಳ ಸಾಕಣೆ ಮತ್ತು ಹೈನುಗಾರಿಕೆಯ ಪಾಠ ಕೇಳಿದರು. ತಾವು ಹಸುವಿನ ಹಾಲನ್ನು ಮುಟ್ಟದವರು ಜನರಿಗೆ ಒಳ್ಳೆಯ ಹಾಲು ದೊರೆಯಲೆಂದು ಇಷ್ಟು ಆಸಕ್ತಿ ವಹಿಸಿದುದು ಗಮನಾರ್ಹ. 1936ರ ಮೇ ತಿಂಗಳಲ್ಲಿ ಆರೋಗ್ಯ ಸುಧಾರಣೆಗಾಗಿ ಮತ್ತೊಮ್ಮೆ ನಂದಿಬೆಟ್ಟಕ್ಕೆ ಆಗಮಿಸಿದರು.

ಈ ನಡುವೆ 1929ರಲ್ಲಿ ಬೇಯಿಸದ ಆಹಾರದ ಆಸೆ ಮತ್ತೆ ಚಿಗುರಿತು. ಮೊಳಕೆ ಬರಿಸಿದ ಗೋಧಿ, ಅರೆದ ಹಸಿಸೊಪ್ಪು, ನಿಂಬೆ, ಜೇನುಗಳನ್ನು ಆಶ್ರಮದ ಕೆಲವರೊಂದಿಗೆ ಕೆಲವು ತಿಂಗಳು ಸೇವಿಸಿದರು. ಆಗಸ್ಟ್ ತಿಂಗಳಲ್ಲಿ ಆಮಶಂಕೆಯಿಂದ ನರಳಿ ಕೈಬಿಟ್ಟರು. 1893ರಲ್ಲಿ ಸೋತ ಪ್ರಯೋಗವನ್ನೇ ಅರವತ್ತರ ಅಂಚಿನಲ್ಲಿ ಮತ್ತೆ ಕೈಗೊಂಡಿದ್ದರು! 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾದ ಮೇಲೆ ಅವರ ಗಮನ ಬಡವರ ಊಟದತ್ತ ಹೆಚ್ಚು ಹರಿಯಿತು. ಪಾಲಿಶ್ ಮಾಡದ ಅಕ್ಕಿ, ಬೆಲ್ಲ, ಹಸಿ ಸೊಪ್ಪುಗಳ ಪರವಾಗಿ ಹರಿಜನ ಪತ್ರಿಕೆಯಲ್ಲಿ ಬರೆದರು. ವಾರ್ಧಾದ ಮಗನವಾಡಿಯ ಊಟದಲ್ಲಿ ಸೋಯಾ ಅವರೆ, ಬೇವಿನ ಎಲೆ, ಹುಣಸೆಹಣ್ಣು ಕಾಣಿಸಿಕೊಂಡವು.

1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಗಾಂಧೀಜಿ ಆರೋಗ್ಯವನ್ನು ಕುರಿತ ಕಿರುಪುಸ್ತಕವೊಂದನ್ನು ರಚಿಸಿದರು. ಕುಳಿತು ಕೆಲಸ ಮಾಡುವವರಿಗೆ ದಿನಕ್ಕೆ ಸುಮಾರು 900 ಗ್ರಾಂ ಹಸುವಿನ ಹಾಲು, 170 ಗ್ರಾಂ ಧಾನ್ಯ, 250 ಗ್ರಾಂನಷ್ಟು ಸೊಪ್ಪು ತರಕಾರಿ, ಸ್ವಲ್ಪ ತುಪ್ಪ ಮತ್ತು ಬೆಲ್ಲ, ಶಕ್ತ್ಯನುಸಾರ ಹಣ್ಣುಗಳನ್ನು ಅದರಲ್ಲಿ ಸೂಚಿಸಿದ್ದಾರೆ. ಹಾಲನ್ನು ಬಿಟ್ಟು ಬದುಕುವ ದಾರಿ ತಮಗೆ ದೊರೆಯಲಿಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ. ಅದೇ ಸೆರೆಯಲ್ಲಿ 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ನಿಧನರಾದರು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2019ರಲ್ಲಿ ಗಾಂಧೀಜಿಯವರ ಆರೋಗ್ಯ ದಾಖಲೆಗಳನ್ನು ಪ್ರಕಟಿಸಿತು. ಅದರಂತೆ 1939ರಲ್ಲಿ ಅವರ ತೂಕ 46.7 ಕಿಲೋಗ್ರಾಂ. 5 ಅಡಿ 5 ಅಂಗುಲ ಎತ್ತರದ ವ್ಯಕ್ತಿಗೆ ಇದು ಕಡಿಮೆಯೇ. 1940ರ ಫೆಬ್ರವರಿಯಲ್ಲಿ ರಕ್ತದೊತ್ತಡ 220/110ರಷ್ಟಿತ್ತು. ಮಿತಾಹಾರದಿಂದ ಎಲ್ಲ ರೋಗಗಳೂ ದೂರವಾದವೆಂದು ಅವರ ಬದುಕನ್ನು ಮುಂದಿಟ್ಟು ಹೇಳುವವರು ಈ ಅಂಕಿಗಳನ್ನೂ ನೋಡಬೇಕು.

1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಸರ್ದಾರ್ ಪಟೇಲರೊಂದಿಗೆ ಮಾತುಕತೆ ನಡೆಸುತ್ತಲೇ ಗಾಂಧೀಜಿ ಊಟ ಮಾಡಿದರು. ಮೇಕೆಯ ಹಾಲು, ಬೇಯಿಸಿದ ಮತ್ತು ಹಸಿಯ ತರಕಾರಿ, ಕಿತ್ತಳೆಹಣ್ಣು, ಶುಂಠಿ ಮತ್ತು ನಿಂಬೆಯ ಕಷಾಯ ಅಂದಿನ ಆಹಾರ. ಕತ್ತಲಾಗಲು ಇನ್ನೂ ಸಮಯವಿತ್ತು. ಐದು ಗಂಟೆಯ ಪ್ರಾರ್ಥನೆಗೆ ತಡವಾಯಿತೆಂದು ಎದ್ದು ಹೊರಟರು.