ಆಯುಧದ ಮಿತಿಯನ್ನರಿತ ಸೇನಾನಿ

1890ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಜನಿಸಿದ ಡ್ವೈಟ್ ಐಸೆನ್‌ಹೋವರರು 1944ರಲ್ಲಿ ಮಿತ್ರರಾಷ್ಟ್ರಗಳ ಸೇನೆಯನ್ನು ನಾರ್ಮಂಡಿಯ ತೀರಕ್ಕಿಳಿಸಿದರು. ಭಿನ್ನ ದೇಶಗಳ ಸ್ವಾಭಿಮಾನಿ ಸೇನಾಪತಿಗಳನ್ನು ಒಂದೇ ನೊಗಕ್ಕೆ ಹೂಡಬಲ್ಲ ತಾಳ್ಮೆ ಅವರದು. ಆದುದರಿಂದಲೇ 1951ರಲ್ಲಿ ನೇಟೋ ಒಕ್ಕೂಟದ ಪ್ರಥಮ ಮಹಾದಂಡನಾಯಕತ್ವವೂ, 1953ರಲ್ಲಿ ಅಮೆರಿಕೆಯ ಅಧ್ಯಕ್ಷಪದವಿಯೂ ಅವರಿಗೆ ಲಭಿಸಿದುವು.

1957ರಲ್ಲಿ ರಷ್ಯನರು ಸ್ಪುಟ್ನಿಕ್ ಉಪಗ್ರಹವನ್ನು ಗಗನಕ್ಕೇರಿಸಲು ಅಮೆರಿಕೆಯ ಜನತೆ ತಲ್ಲಣಿಸಿತು. ಇವರಾದರೋ ಧೃತಿಗೆಡದೆ, ಮರುವರ್ಷವೇ ನಾಸಾ ಸಂಸ್ಥೆಯನ್ನು ನಾಗರಿಕಾಡಳಿತದಲ್ಲಿರಿಸಿ ಸ್ಥಾಪಿಸಿದರು; ವಿಜ್ಞಾನಶಿಕ್ಷಣಕ್ಕೂ ಬೊಕ್ಕಸದಿಂದ ದ್ರವ್ಯವನ್ನೊದಗಿಸಿದರು.

ಅವರ ಆಳಿಕೆಯಲ್ಲಿಯೇ ಪರಮಾಣ್ವಸ್ತ್ರಗಳ ರಾಶಿ ಬೆಳೆದುದನ್ನು ನಾವು ಮರೆಯಲಾರೆವು. ಆದರೂ 1961ರಲ್ಲಿ ಅಧಿಕಾರವನ್ನು ಬಿಡುವಾಗ, ಸೇನೆಯೂ ಶಸ್ತ್ರೋದ್ಯಮವೂ ಕೂಡಿ ರಾಜ್ಯಸೂತ್ರವನ್ನೇ ಹಿಡಿದಾವೆಂದು ಸ್ವಜನರನ್ನು ಎಚ್ಚರಿಸಿದರು. 1969ರಲ್ಲಿ ಅವರು ಕಾಲವಾದರು. ಖಡ್ಗವನ್ನು ಬಲ್ಲವರೇ ಒರೆಯ ಅಗತ್ಯವನ್ನು ಸಾರಿದುದರಿಂದ ಆ ಮಾತಿಗೆ ನಾವು ಹೆಚ್ಚಿನ ಬೆಲೆಯನ್ನು ಕೊಡುತ್ತೇವೆ.