ಹನ್ನೆರಡು ಮಕ್ಕಳ ತಾಯಿ ಜೋಸೆಫೀನ್

ಮಗುವನ್ನು ದತ್ತು ತೆಗೆದುಕೊಳ್ಳಬೇಕೆಂಬ ದಂಪತಿಗಳು ಆಗಾಗ ಗುರುಮಠಕ್ಕೆ ಬರುತ್ತಾರೆ. ಕಾಗದಪತ್ರ, ನ್ಯಾಯಾಲಯ, ಜ್ಞಾನಸ್ನಾನ ಎಂದೆಲ್ಲ ವಿಚಾರಿಸುತ್ತಾರೆ. ಎದ್ದು ಹೊರಟು ಚಪ್ಪಲಿ ಮೆಟ್ಟುವಾಗ ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆ ಹೊರಬೀಳುತ್ತದೆ. ಆ ಮಗು ನಮ್ಮನ್ನು ಹಚ್ಚಿಕೊಳ್ಳುತ್ತದೆಯೇ, ಫಾದರ್? ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಬದಲಿಗೆ ಒಬ್ಬ ಹೆಂಗಸಿನ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಹೆಸರು ಕೇಳಿ ಕೆಲವು ಹಿರಿಯರು ಹುಬ್ಬೇರಿಸಬಹುದು. ಬಾಳೆಹಣ್ಣಿನ ಗೊಂಚಲನ್ನೇ ಲಂಗವಾಗಿ ಕಟ್ಟಿಕೊಂಡು ಪ್ಯಾರಿಸಿನ ರಂಗಮಂದಿರದಲ್ಲಿ ಕುಣಿದ ಜೋಸೆಫೀನ್ ಬೇಕರ್ ಈಕೆ. ಹಲವು ಬಾರಿ ಮದುವೆಯಾದವರು. ಸಂತರ ಸಾಲಿನಲ್ಲಿ ಇವರನ್ನು ಕೂರಿಸಲು ನಾನು ಹೊರಟಿಲ್ಲ. ಆದರೆ ಯೇಸುಸ್ವಾಮಿಯ ಸಾಕುತಂದೆಯ ಹೆಸರು ಈಕೆಯ ಹೆಸರಿನೊಳಗೂ ಇದೆಯೆಂಬುದನ್ನು ಗಮನಿಸಿ.

ಜೋಸೆಫೀನ್ ಹುಟ್ಟಿದ್ದು 1906ರ ಜೂನ್ 3ರಂದು, ಅಮೆರಿಕದ ಸೇಂಟ್ ಲೂಯಿಸ್ ನಗರದ ಬಡ ಕಪ್ಪು ಕುಟುಂಬದಲ್ಲಿ. ಆಡುವ ವಯಸ್ಸಿನಲ್ಲೇ ಬಿಳಿಯರ ಮನೆಗಳಲ್ಲಿ ಮುಸುರೆ ತಿಕ್ಕಿದ ಹುಡುಗಿ. 1917ರಲ್ಲಿ ನದಿಯಾಚೆಯ ಈಸ್ಟ್ ಸೇಂಟ್ ಲೂಯಿಸಿನಲ್ಲಿ ಕಪ್ಪು ಜನರ ಮನೆಗಳಿಗೆ ಬೆಂಕಿಯಿಟ್ಟ ಗಲಭೆ ನಡೆದಾಗ ಆಕೆಗೆ ಹನ್ನೊಂದು ವರ್ಷ. ಆ ಭಯ ಬದುಕಿನುದ್ದಕ್ಕೂ ಆಕೆಯನ್ನು ಬಿಡಲಿಲ್ಲ. 1925ರಲ್ಲಿ ಪ್ಯಾರಿಸಿಗೆ ಹೋದರು, ಖ್ಯಾತಿ ಬಂತು, 1937ರಲ್ಲಿ ಫ್ರೆಂಚ್ ಪ್ರಜೆಯಾದರು. ಮಹಾಯುದ್ಧದಲ್ಲಿ ಸಂಗೀತದ ಹಾಳೆಗಳ ಮೇಲೆ ಕಾಣದ ಶಾಯಿಯಲ್ಲಿ ಬರೆದ ಗುಪ್ತ ಸಂದೇಶಗಳನ್ನು ಸಾಗಿಸಿ ನಾಟ್ಸಿಗಳ ವಿರುದ್ಧ ದುಡಿದರು. ಅದಕ್ಕಾಗಿ ಫ್ರಾನ್ಸ್ ಪದಕಗಳನ್ನು ನೀಡಿ ಗೌರವಿಸಿತು.

ಆದರೆ ಆ ಯುದ್ಧದ ನಡುವೆಯೇ ಮೊರಾಕ್ಕೋದ ಕಸಬ್ಲಾಂಕಾದಲ್ಲಿ ಅವರು ಹಾಸಿಗೆ ಹಿಡಿದರು. ತಿಂಗಳುಗಟ್ಟಲೆ ಆಸ್ಪತ್ರೆ, ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಜೀವ ಉಳಿಯಿತು, ಹೆರುವ ಆಸೆ ಉಳಿಯಲಿಲ್ಲ. 1947ರಲ್ಲಿ ವಾದ್ಯವೃಂದದ ನಿರ್ದೇಶಕ ಝೋ ಬೂಯಿಯೋನರನ್ನು ಮದುವೆಯಾಗಿ, ಫ್ರಾನ್ಸಿನ ದೊರ್ದೋನ್ ಪ್ರಾಂತ್ಯದ ಮಿಲಾಂದ್ ಎಂಬ ಹಳೆಯ ಕೋಟೆಮನೆಯಲ್ಲಿ ಸಂಸಾರ ಹೂಡಿದರು. ದೊಡ್ಡ ಮನೆ, ತೊಟ್ಟಿಲು ಮಾತ್ರ ಬರಿದು.

ಈಗ ನನ್ನೊಂದಿಗೆ ಜಪಾನಿಗೆ ಬನ್ನಿ. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರಿಗೂ ಜಪಾನಿ ಹೆಂಗಸರಿಗೂ ಹುಟ್ಟಿದ ಮಕ್ಕಳನ್ನು ಎರಡೂ ಕಡೆಯವರು ಬೇಡವೆಂದರು. ರೈಲಿನಲ್ಲಿ ಪ್ರಯಾಣಿಸುತ್ತಿದ್ದ ಮಿಕಿ ಸವಾದಾ ಎಂಬ ಶ್ರೀಮಂತ ಕ್ರೈಸ್ತ ಮಹಿಳೆಯ ಮೇಲೆ ಸಾಮಾನಿನ ಹಲಗೆಯಿಂದ ಒಂದು ಗಂಟು ಬಿತ್ತು. ಬಿಚ್ಚಿದರೆ ಅದರೊಳಗೆ ಸತ್ತ ಹಸುಗೂಸು. ಪೊಲೀಸರು ಆಕೆಯ ಮೇಲೆಯೇ ಸಂಶಯಪಟ್ಟರಂತೆ. ಆ ಗಂಟಿನ ಭಾರವನ್ನು ಮರೆಯಲಾಗದೆ 1948ರಲ್ಲಿ ಸವಾದಾ ಓಯಿಸೋ ಎಂಬ ಊರಿನಲ್ಲಿ ಎಲಿಜಬೆತ್ ಸಾಂಡರ್ಸ್ ಹೋಮ್ ಎಂಬ ಅನಾಥಾಲಯ ತೆರೆದರು. ಸವಾದಾ ಮತ್ತು ಜೋಸೆಫೀನ್ ಹಳೆಯ ಗೆಳತಿಯರು. 1954ರಲ್ಲಿ ಆ ಮಕ್ಕಳ ಸಹಾಯಾರ್ಥ ಹಾಡಲು ಜಪಾನಿಗೆ ಬಂದ ಜೋಸೆಫೀನ್ ಒಂದು ಮಗುವನ್ನು ಕರೆದೊಯ್ಯುವ ಯೋಚನೆಯಲ್ಲಿದ್ದರು. ಹಿಂದಿರುಗುವಾಗ ಜೊತೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದರು.

ಆ ಇಬ್ಬರು ಕಂದಮ್ಮಗಳ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ಇಬ್ಬರಿಗೂ ವಯಸ್ಸು ಎರಡರ ಆಸುಪಾಸು. ಭಾಷೆ ಬೇರೆ, ಅನ್ನ ಬೇರೆ, ಎತ್ತಿಕೊಂಡವರ ಮೈಯ ವಾಸನೆಯೂ ಬೇರೆ. ಅನಾಥಾಲಯದಿಂದ ಬಂದ ಮಗು ಮೊದಲ ದಿನವೇ ಕೊರಳಿಗೆ ಜೋತುಬೀಳುತ್ತದೆಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಕೆಲವು ಮಕ್ಕಳು ಅಳುವುದೇ ಇಲ್ಲ. ಅತ್ತರೆ ಯಾರಾದರೂ ಬರುತ್ತಾರೆಂಬ ಅನುಭವವೇ ಅವಕ್ಕಿಲ್ಲ. ಇನ್ನು ಕೆಲವು ದಾರಿಹೋಕರೆಲ್ಲರ ಕೈಗೂ ನಗುತ್ತಾ ಹೋಗುತ್ತವೆ. ಅದನ್ನು ಕಂಡು ಮಗು ಒಳ್ಳೆಯದು, ಹಟವಿಲ್ಲ ಎಂದು ಹೊಗಳುತ್ತೇವೆ! ಮನೆಯಿಲ್ಲದ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಎಂಬ ವೈದ್ಯರು ಬರೆದ ವರದಿ 1951ರಲ್ಲೇ ಹೊರಬಂದಿತ್ತು. ತಾಯಿಯೋ ತಾಯಿಯ ಸ್ಥಾನದಲ್ಲಿರುವವರೋ ಬೆಚ್ಚಗೆ, ಬಿಡದೆ ಹತ್ತಿರವಿರುವುದು ಮಗುವಿನ ಮನಸ್ಸಿಗೆ ಅನ್ನವಿದ್ದಂತೆ ಎಂಬುದು ಅದರ ಸಾರ. ಬಿಡದೆ ಎಂಬ ಮಾತನ್ನು ನೆನಪಿಡಿ.

ಜೋಸೆಫೀನ್ ನಿಲ್ಲಲಿಲ್ಲ. ಫಿನ್‌ಲ್ಯಾಂಡ್, ಕೊಲಂಬಿಯಾ, ಐವರಿ ಕೋಸ್ಟ್, ವೆನೆಜುವೆಲಾ, ಫ್ರಾನ್ಸ್, ಮೊರಾಕ್ಕೋ ಎಂದು ಮಕ್ಕಳು ಬರುತ್ತಲೇ ಇದ್ದರು. 1956ರಲ್ಲಿ ಯುದ್ಧದಲ್ಲಿ ಬೇಯುತ್ತಿದ್ದ ಅಲ್ಜೀರಿಯಾದಿಂದ ಒಂದು ಗಂಡು, ಒಂದು ಹೆಣ್ಣು. ಕೊನೆಗೆ ಹತ್ತು ಗಂಡು, ಎರಡು ಹೆಣ್ಣು. ಕಾಮನಬಿಲ್ಲಿನ ಬಳಗವೆಂದು ಅದಕ್ಕೆ ಹೆಸರಿಟ್ಟರು. ಬೇರೆ ಬೇರೆ ಬಣ್ಣದವರು ಒಂದೇ ಒಲೆಯ ಸುತ್ತ ಅಣ್ಣತಮ್ಮಂದಿರಾಗಿ ಬಾಳಬಲ್ಲರೆಂದು ಲೋಕಕ್ಕೆ ತೋರಿಸಬೇಕು ಎಂಬುದು ಅವರ ಹಂಬಲ. ಆ ಹನ್ನೊಂದು ವರ್ಷದ ಹುಡುಗಿಯ ಭಯವನ್ನು ನೆನೆದರೆ ಈ ಹಂಬಲ ಎಲ್ಲಿಂದ ಬಂತೆಂದು ನಿಮಗೇ ತಿಳಿದೀತು.

ಇಲ್ಲಿ ನನ್ನ ಮನಸ್ಸು ಸ್ವಲ್ಪ ಅಳುಕುತ್ತದೆ. ನಾಟಕದಲ್ಲಿ ಪಾತ್ರ ಹಂಚುವಂತೆ ಮಕ್ಕಳಿಗೆ ಧರ್ಮಗಳನ್ನು ಹಂಚಲಾಯಿತು. ಒಬ್ಬ ಬೌದ್ಧ, ಒಬ್ಬ ಶಿಂಟೋ. ಅಲ್ಜೀರಿಯಾದ ಹುಡುಗ ಮುಸ್ಲಿಂ, ಹುಡುಗಿ ಕಥೋಲಿಕಳು. ಇಸ್ರೇಲಿನಿಂದ ಮಗು ಸಿಗದಿದ್ದಾಗ ಫ್ರಾನ್ಸಿನ ಒಂದು ಮಗುವಿಗೆ ಮೋಶೆಯ ಹೆಸರಿಟ್ಟು ಯೆಹೂದ್ಯನಾಗಿ ಬೆಳೆಸಿದರು. ವಿಶ್ವಾಸವನ್ನು ಮಗುವಿಗೆ ದಾಟಿಸುವುದು ಅದನ್ನು ನಂಬಿ ಬಾಳುವವರ ಮಡಿಲಿನಿಂದಲ್ಲವೇ? ಜೊತೆಗೆ ಮಿಲಾಂದ್ ಪ್ರವಾಸಿಗರ ತಾಣವೂ ಆಗಿತ್ತು. ಜೋಸೆಫೀನರ ಜೀವನದ ದೃಶ್ಯಗಳ ಮೇಣದ ಬೊಂಬೆಗಳನ್ನು ನೋಡಲು ಬಂದವರು ಅಂಗಳದಲ್ಲಿ ಆಡುವ ಮಕ್ಕಳನ್ನೂ ನೋಡಿಕೊಂಡು ಹೋಗುತ್ತಿದ್ದರು. ಒಳ್ಳೆಯ ಉದ್ದೇಶಕ್ಕೇ ಆದರೂ, ಮಗು ಸಾಕ್ಷ್ಯವಾಗಿ ನಿಲ್ಲಬೇಕಾದರೆ ಅದು ಯಾವಾಗ ಬರಿಯ ಮಗುವಾಗಿರಬೇಕು?

ಇನ್ನೊಂದು ತೊಡಕು ಹಣದ್ದು. ಅಷ್ಟು ಜನರ ಹೊಟ್ಟೆ, ಕೋಟೆಯ ಖರ್ಚು, ಆಳುಕಾಳಿನ ಸಂಬಳ ತೂಗಿಸಲು ತಾಯಿ ಊರೂರು ಸುತ್ತಿ ಹಾಡಬೇಕಾಯಿತು. ಮಕ್ಕಳಿಗಾಗಿ ದುಡಿಯಲು ಮಕ್ಕಳನ್ನೇ ಬಿಟ್ಟು ಹೋಗುವ ಸಂಕಟ ನಮ್ಮಲ್ಲಿ ಗಲ್ಫಿಗೆ ಹೋದ ಎಷ್ಟೋ ತಾಯಂದಿರಿಗೆ ಗೊತ್ತು. ಮನೆಯಲ್ಲಿದ್ದು ದಿನನಿತ್ಯದ ಭಾರ ಹೊತ್ತವರು ದಾದಿಯರು ಮತ್ತು ಝೋ ಬೂಯಿಯೋನ್. ಮಕ್ಕಳ ಸಂಖ್ಯೆಯೂ ಸಾಲವೂ ಒಟ್ಟಿಗೆ ಏರುವುದನ್ನು ಕಂಡು ಅವರು ಎಚ್ಚರಿಸಿದರು. ಮಾತು ನಡೆಯಲಿಲ್ಲ. ದಂಪತಿಗಳು ದೂರವಾದರು, ಅವರು ದಕ್ಷಿಣ ಅಮೆರಿಕದ ಬ್ಯುನೋಸ್ ಐರಿಸಿಗೆ ಹೋದರು. ಹನ್ನೆರಡನೆಯ ಮಗು ಮನೆಗೆ ಬಂದದ್ದು ಆಮೇಲೆ, 1964ರಲ್ಲಿ. ತಾವು ಆರಿಸದಿದ್ದರೂ ಎತ್ತಿ ಸಾಕಿದ ಈ ಮನುಷ್ಯನ ಬಗ್ಗೆ ಜನ ಮಾತಾಡುವುದು ಕಡಿಮೆ. ಸಂತ ಜೋಸೆಫರ ಬಗ್ಗೆಯೂ ಸುವಾರ್ತೆಗಳು ಹೆಚ್ಚು ಹೇಳುವುದಿಲ್ಲ, ನೋಡಿ.

1968ರಲ್ಲಿ ಮಿಲಾಂದ್ ಹರಾಜಾಯಿತು. 1969ರಲ್ಲಿ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದ ಜೋಸೆಫೀನರನ್ನು ಹೊಸ ಮಾಲೀಕರ ಜನ ಹೊರಗೆಳೆದು ಹಾಕಿದರು. ಕಂಬಳಿ ಹೊದ್ದು ಹಿತ್ತಲ ಮೆಟ್ಟಿಲ ಮೇಲೆ ಕುಳಿತ ಆಕೆಯ ಚಿತ್ರ ಪತ್ರಿಕೆಗಳಲ್ಲಿ ಬಂತು. ಆಗ ಕೈಹಿಡಿದವರು ಮೊನಾಕೋದ ರಾಜಕುಮಾರಿ ಗ್ರೇಸ್. ಅವರ ನೆರವಿನಿಂದ ಸಮುದ್ರತೀರದ ರೋಕ್‌ಬ್ರ್ಯೂನ್ ಎಂಬಲ್ಲಿ ಒಂದು ಸಾಧಾರಣ ಮನೆ ಸಿಕ್ಕಿತು. ಮೇಣದ ಬೊಂಬೆಗಳಿಲ್ಲ, ಟಿಕೆಟ್ ಕೊಂಡು ನೋಡುವವರೂ ಇಲ್ಲ. ಮೀಸೆ ಚಿಗುರುತ್ತಿದ್ದ ಹುಡುಗರು ಎದುರು ಮಾತನಾಡಿದರು, ಜಗಳವಾಡಿದರು. ಪರರ ಮನೆಯಲ್ಲಿ ಅತಿಥಿಯಂತಿರುವ ಮಗು ಹಾಗೆ ಜಗಳವಾಡುವುದಿಲ್ಲ ಎಂಬುದು ನನ್ನ ಅನುಭವ. ಕೆಲವರು ಬ್ಯುನೋಸ್ ಐರಿಸಿಗೆ ತಂದೆಯ ಬಳಿಗೂ ಹೋದರು. ದೊಡ್ಡವರಾದ ಮೇಲೆ ಕೆಲವರು ಬಹಿರಂಗವಾಗಿಯೇ ಹೇಳಿದ್ದುಂಟು, ಅಮ್ಮ ತಪ್ಪು ಮಾಡಿದ್ದಾಳೆ ಎಂದು. ಅಮ್ಮ ಎಂಬ ಮಾತನ್ನು ಮಾತ್ರ ಹಿಂತೆಗೆದುಕೊಂಡಿಲ್ಲ.

1975ರ ಏಪ್ರಿಲ್ 8ರಂದು ಪ್ಯಾರಿಸಿನಲ್ಲಿ ಜೋಸೆಫೀನರ ಹೊಸ ಪ್ರದರ್ಶನ ಆರಂಭವಾಯಿತು. 12ರಂದು ಅವರು ತೀರಿಕೊಂಡರು. 15ರಂದು ಮದ್ಲೇನ್ ದೇವಾಲಯದಲ್ಲಿ ಅಂತ್ಯವಿಧಿ ನಡೆದಾಗ ಹೊರಗೆ ಬೀದಿಗಳ ತುಂಬ ಜನ. ಮೊನಾಕೋದಲ್ಲಿ ಮಣ್ಣು ಮಾಡಿದರು.

2021ರ ನವೆಂಬರ್ 30ರಂದು ಫ್ರಾನ್ಸ್ ತನ್ನ ಮಹನೀಯರ ಸಮಾಧಿಮಂದಿರವಾದ ಪಾಂತೆಯೋನಿನಲ್ಲಿ ಜೋಸೆಫೀನರಿಗೆ ಸ್ಥಾನ ನೀಡಿತು. ಸೈನಿಕರು ಹೆಗಲ ಮೇಲೆ ಹೊತ್ತು ತಂದ ಪೆಟ್ಟಿಗೆಯಲ್ಲಿ ದೇಹವಿರಲಿಲ್ಲ. ಸೇಂಟ್ ಲೂಯಿಸ್, ಪ್ಯಾರಿಸ್, ಮಿಲಾಂದ್, ಮೊನಾಕೋ ಈ ನಾಲ್ಕು ಊರುಗಳ ಮಣ್ಣಿತ್ತು. ಅಮ್ಮನನ್ನು ಅಲ್ಲಿಂದ ಎಬ್ಬಿಸುವುದು ಬೇಡವೆಂದು ಮನೆಯವರು ಕೇಳಿಕೊಂಡಿದ್ದರು. ಮೊನಾಕೋದ ಆ ಸಮಾಧಿಯಲ್ಲಿ ಪಕ್ಕದಲ್ಲೇ ಝೋ ಬೂಯಿಯೋನ್ ಇದ್ದಾರೆ, ಅವರ ಮಕ್ಕಳಲ್ಲಿ ಒಬ್ಬನೂ ಇದ್ದಾನೆ.