ಹರ್ಮನ್ ಮೊಗ್ಲಿಂಗ್ ಅಯ್ಯನವರೂ ಅವರ ಹುಡುಗರೂ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ಸೀಮೆಗಳ ಸಭೆಗಳಲ್ಲಿ ದೃಢೀಕರಣಕ್ಕೆ ಸಿದ್ಧರಾಗುವ ಹುಡುಗ ಹುಡುಗಿಯರನ್ನು ದೇವರು ಎಂಥವನೆಂದು ಕೇಳಿದರೆ, ಸರ್ವಶಕ್ತನೂ ಸರ್ವಜ್ಞನೂ ಆಗಿದ್ದಾನೆಂಬ ಉತ್ತರವು ಬಾಯಿಪಾಠವಾಗಿ ಕೂಡಲೇ ಬರುತ್ತದೆ. ಹಾಗೆಂದರೆ ಏನೆಂದು ಎರಡನೆಯ ಪ್ರಶ್ನೆ ಮಾಡಿದರೆ ತಲೆ ತಗ್ಗಿಸುತ್ತಾರೆ. ಇದು ಅವರ ತಪ್ಪಲ್ಲ. ಇಳಕಲ್ಲಿನ ನೇಕಾರರ ಮನೆಯ ಹುಡುಗನು ಸೀರೆಯ ಒಡಲಿಗೆ ಸೆರಗನ್ನು ಕೂಡಿಸುವ ಕೆಲಸವನ್ನು ತಂದೆಯ ಮಗ್ಗುಲಲ್ಲಿ ಕುಳಿತು, ಕಣ್ಣಿನಿಂದ ನೋಡಿ, ಕೈಯಿಂದ ಮಾಡಿ ಕಲಿಯುತ್ತಾನೆ. ದೇವರ ಮಹತ್ವವನ್ನು ಮಾತ್ರ ನಾವು ಬರೇ ಹೇಳಿಕೆಯಿಂದ ಕಲಿಸಹೋಗುತ್ತೇವೆ. ಇದನ್ನು ಬೇರೆ ವಿಧವಾಗಿ ಕಲಿಸಿದ ಒಬ್ಬ ಗುರುಗಳ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಮೊಗ್ಲಿಂಗ್ ಅಯ್ಯನವರು 1811ನೆಯ ಇಸವಿ ಮೇ ತಿಂಗಳ 29ನೆಯ ತಾರೀಖಿನಲ್ಲಿ ಜರ್ಮನಿ ದೇಶದ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯುಬಿಂಗೆನ್ ವಿದ್ಯಾಪೀಠದಲ್ಲಿ ದೈವಜ್ಞಾನಶಾಸ್ತ್ರವನ್ನು ಓದಿ, ಬಾಸೆಲ್ ಮಿಶನ್ನಿಗೆ ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ ಮಿಶನ್ ಕೆಲಸವು ಆರಂಭವಾಗಿ ಆಗ ಎರಡೇ ವರುಷವಾಗಿತ್ತು. ಮರುವರುಷ ಧಾರವಾಡದಲ್ಲಿಯೂ ಕೆಲಸಕ್ಕೆ ಕೈಹಚ್ಚಲಾಯಿತು. ನಮ್ಮ ಉತ್ತರ ಸೀಮೆಗೆ ಸುವಾರ್ತೆಯು ಬಂದ ದಾರಿ ಅದೇ.

1840ರ ಸುಮಾರಿನಲ್ಲಿ ಹುಬ್ಬಳ್ಳಿಯ ಕಡೆ ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಗಡದವರು ಮಿಶನರಿಗಳ ಬಳಿಗೆ ಬಂದರು. ಪಶ್ಚಿಮದಿಂದ ಗುರುಗಳು ಬರುವರೆಂದು ತಮ್ಮ ಗ್ರಂಥಗಳಲ್ಲಿ ಬರೆದದೆಯೆಂದು ಅವರು ಹೇಳಲು, ಸಾವಿರಾರು ಜನರು ಒಂದೇ ಸಾರಿ ಕರ್ತನ ಕಡೆಗೆ ತಿರುಗುವರೆಂದು ಮೊಗ್ಲಿಂಗರು ಬಹಳವಾಗಿ ನಿರೀಕ್ಷಿಸಿದರು. ಆ ನಿರೀಕ್ಷೆಯು ಕೈಗೂಡಲಿಲ್ಲ. ಜನಸಂಖ್ಯೆಯನ್ನು ನೋಡಿ ದೇವರ ಕೆಲಸವನ್ನು ಅಳೆಯುವ ಅಭ್ಯಾಸವು ನಮ್ಮಲ್ಲಿ ಇನ್ನೂ ಹೋಗಿಲ್ಲವಾದ್ದರಿಂದ ಈ ಸಂಗತಿಯನ್ನು ಬಿಟ್ಟುಬಿಡಲಿಲ್ಲ. ಸಾವಿರಗಳು ಬಾರದೆ ಹೋದರೂ ಮಂಗಳೂರಿನಲ್ಲಿ ಕೆಲವೇ ಹುಡುಗರನ್ನು ಬೆಳೆಸುವ ಕೆಲಸವು ಅವರ ಕೈಯಲ್ಲಿ ಇತ್ತು. ಮುಂದೆ ಹೆಚ್ಚಾದ ಫಲವನ್ನು ಕೊಟ್ಟದ್ದು ಆ ಚಿಕ್ಕ ಕೆಲಸವೇ.

ಆ ಹುಡುಗರಿಗೋಸ್ಕರ 1840ರಲ್ಲಿ ಬಲ್ಮಠದ ಗುಡ್ಡವು ದೊರೆಯಿತು. ಮೊಗ್ಲಿಂಗರು ಪಾಠ ಹೇಳಿ ಬಂಗಲೆಗೆ ಹೋಗುವ ಗುರುಗಳಾಗಿರದೆ, ಹುಡುಗರ ನಡುವೆಯೇ ವಾಸಮಾಡಿದರು. ಅವರ ಪ್ರಾರ್ಥನೆ, ಸಿಟ್ಟು, ಸಮಾಧಾನ, ಎಲ್ಲವೂ ಹುಡುಗರ ಕಣ್ಣಿಗೆ ಬೀಳುತ್ತಿದ್ದವು. ತಮ್ಮ ಗುರುವು ಯಾರ ಮುಂದೆ ಮೊಣಕಾಲೂರುತ್ತಾನೆಂಬದನ್ನು ದಿನವೂ ನೋಡುವ ಹುಡುಗನಿಗೆ ದೇವರು ದೊಡ್ಡವನೆಂದು ಬಾಯಿಪಾಠ ಮಾಡಿಸುವ ಅಗತ್ಯವು ಕಡಿಮೆ. 1847ರಲ್ಲಿ ಅಲ್ಲಿ ಉಪದೇಶಕರನ್ನು ಸಿದ್ಧಪಡಿಸುವ ಸೆಮಿನರಿಯು ಸ್ಥಾಪಿತವಾಯಿತು. ನಾವೂ ಅದೇ ಗುಡ್ಡದ ಮೇಲೆ ಓದಿದವರಾದದರಿಂದ ಇದನ್ನು ತುಸು ಅಭಿಮಾನದಿಂದ ಹೇಳಿದರೆ ಓದುವವರು ಕ್ಷಮಿಸಬೇಕು.

1843ನೆಯ ಜುಲೈ 1ರಂದು ಅವರು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವರ್ತಮಾನಪತ್ರಿಕೆ ಅದೇ. ನಾಲ್ಕು ಪುಟ, ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಂದು ಸಾರಿ. ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ದೂರ ದೇಶಗಳ ಸಂಗತಿಗಳು, ಕಥೆಗಳು, ದಾಸರ ಪದಗಳು ಸಹ ಅದರಲ್ಲಿ ಬರುತ್ತಿದ್ದವು. ಮರುವರುಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ಅಚ್ಚಾಗಿ, ಬಹುಕಾಲ ಬಾಳದೆ ನಿಂತಿತು. ಆದರೂ ಒಂದು ವಿಷಯವನ್ನು ಗಮನಿಸಬೇಕು. ತನ್ನ ಓಣಿಯನ್ನು ಬಿಟ್ಟು ಬೇರೇನನ್ನೂ ಅರಿಯದವನು ದೇವರನ್ನೂ ಓಣಿಯಷ್ಟೇ ಚಿಕ್ಕವನನ್ನಾಗಿ ಮಾಡಿಕೊಳ್ಳುತ್ತಾನೆ. ಲೋಕವು ಎಷ್ಟು ವಿಶಾಲವೆಂದು ಪ್ರಾಯಸ್ಥರಿಗೆ ತೋರಿಸುವುದು ಭಕ್ತಿಗೆ ವಿರೋಧವಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ನೆಯ ಇಸವಿಯ ಶಾಸನವಿದೆಯೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಬಂಡೆಯು ಮನುಷ್ಯನು ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರುಷ ಮುಂಚೆ ನೀರು ಹೊತ್ತು ತಂದು ಹಾಸಿದ ಮರಳೆಂದು ತಿಳಿಸಿ, ಅದರ ಪದರಗಳನ್ನು ಬೆರಳಿನಿಂದ ಮುಟ್ಟಿಸಿದ ಉಪದೇಶಕರು ಎಷ್ಟು ಮಂದಿ? ಹಾಗೆ ಮುಟ್ಟಿದ ಮೇಲೆ ತೊಂಭತ್ತನೆಯ ಕೀರ್ತನೆಯನ್ನು ಓದಿಸಿ ನೋಡಿರಿ.

ಇನ್ನು ಮೊಗ್ಲಿಂಗರ ಆಯುಷ್ಯದೊಳಗಿನ ಮುಖ್ಯ ಸಂಗತಿ. ಮಂಗಳೂರಿನ ಮಿಶನ್ ಇಂಗ್ಲಿಷ್ ಶಾಲೆಯಲ್ಲಿ ಸಾರಸ್ವತ ಬ್ರಾಹ್ಮಣರ ಮಕ್ಕಳು ಓದುತ್ತಿದ್ದರು. ಅವರಲ್ಲಿ ಹದಿನೆಂಟು ಹತ್ತೊಂಬತ್ತು ವರುಷ ಪ್ರಾಯದ ಆನಂದರಾವ್ ಕೌಂಡಿನ್ಯನೂ ಅವನ ಇಬ್ಬರು ಗೆಳೆಯರೂ 1844ನೆಯ ಜನವರಿ 6ರಂದು ದೀಕ್ಷಾಸ್ನಾನವನ್ನು ಹೊಂದಿದರು. ಊರೆಲ್ಲಾ ಕಲಕಿತು, ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆನಂದರಾಯನಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿಯು ಅವನೊಂದಿಗೆ ಬಂದು ಸಂಸಾರ ಮಾಡಲಿಲ್ಲ. ಆ ಮನೆಗಳಲ್ಲಿ ಹರಿದ ಕಣ್ಣೀರನ್ನು ಮರೆತು ಈ ಸಂಗತಿಯನ್ನು ಜಯದ ವಾರ್ತೆಯಂತೆ ಮಾತ್ರ ಬರೆಯುವುದು ನಮಗೆ ಸರಿತೋರುವುದಿಲ್ಲ. ಪ್ರಾಯಸ್ಥರಿಗೆ ದೇವರ ಮಹತ್ವವನ್ನು ಕಲಿಸುವವನು ತಾನು ಎಂಥ ಭಾರವಾದ ವಸ್ತುವನ್ನು ಅವರ ಕೈಗೆ ಕೊಡುತ್ತಾನೆಂದು ಅರಿತಿರಬೇಕು. ಕೊಟ್ಟ ಮೇಲೆ ಅವರನ್ನು ಒಂಟಿಯಾಗಿ ಬಿಟ್ಟು ಹೋಗಲಾಗದು. ಮೊಗ್ಲಿಂಗರು ಬಿಡಲಿಲ್ಲ. ಆ ಯೌವನಸ್ಥನನ್ನು ಮಗನಂತೆ ಇಟ್ಟುಕೊಂಡರು. 1846ರಲ್ಲಿ ಅವನು ಬಾಸೆಲಿಗೆ ಹೋಗಿ ಓದಿ, ಬಾಸೆಲ್ ಮಿಶನ್ನಿನ ಅಭಿಷೇಕ ಹೊಂದಿದ ಮೊದಲನೆಯ ಭಾರತೀಯನಾಗಿ 1851ರಲ್ಲಿ ತಿರುಗಿ ಬಂದನು. ನಮ್ಮ ಗುಳೇದಗುಡ್ಡದಲ್ಲಿ ನೇಕಾರರ ನಡುವೆ ಮಿಶನ್ ಕೆಲಸವು ನೆಲೆಗೊಂಡದ್ದೂ ಅದೇ ವರುಷ.

ಈ ಕಾಲದಲ್ಲಿಯೇ ಮೊಗ್ಲಿಂಗರು ಇನ್ನೊಂದು ಕೆಲಸವನ್ನು ಹಿಡಿದಿದ್ದರು. ಕಾಸಮೇಜರ್ ಎಂಬ ನ್ಯಾಯಾಧೀಶರ ಹಣಸಹಾಯದಿಂದ 1848ರಿಂದ ಹಳೆಯ ಕನ್ನಡ ಗ್ರಂಥಗಳನ್ನು ಒಂದರ ಹಿಂದೆ ಒಂದರಂತೆ ಅಚ್ಚುಹಾಕಿಸಿದರು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವು. ಜನರ ಮನಸ್ಸನ್ನು ಅರಿಯದೆ ಅವರೊಂದಿಗೆ ಮಾತಾಡುವುದು ವ್ಯರ್ಥವೆಂಬ ಮಿಶನರಿಯ ಲೆಕ್ಕವೂ ಇದರಲ್ಲಿ ಇದ್ದಿತು. ಆದರೆ ಲೆಕ್ಕ ಮಾತ್ರದಿಂದ ಯಾರೂ ಓಲೆಗರಿಗಳ ಮೇಲೆ ಇಷ್ಟು ಕಣ್ಣು ಸವೆಸುವುದಿಲ್ಲ. ಹುನಗುಂದದ ಕ್ರೈಸ್ತ ಹುಡುಗರು ಇದನ್ನು ತಿಳಿಯಲಿ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮವು ಅವರ ತಾಲೂಕಿನಲ್ಲಿದೆ. ಅವರ ಶಾಲೆಯ ಗೆಳೆಯರು ವಚನಗಳನ್ನು ಹಾಡುತ್ತಾರೆ. ಆ ಹಾಡಿಗೆ ಕಿವಿ ಮುಚ್ಚಿಕೊಂಡರೆ ತಮ್ಮ ನಂಬಿಕೆಯು ಉಳಿಯುವುದೆಂದು ತಿಳಿಯುವ ಹುಡುಗನು ತನ್ನ ದೇವರನ್ನು ಬಹಳ ಸಣ್ಣವನೆಂದು ಎಣಿಸಿದನೇ ಸರಿ. ಮೊಗ್ಲಿಂಗರಿಗೆ ಅಂಥ ಭಯವಿರಲಿಲ್ಲ.

ಹದಿನಾರು ವರುಷ ದುಡಿದು ದಣಿದು, ಸ್ವದೇಶಕ್ಕೆ ಹೊರಡಲು ಸಿದ್ಧರಾಗಿದ್ದಾಗ, ಕೊಡಗಿನ ಅಳಮಂಡ ಸೋಮಯ್ಯ ಎಂಬವರು ಬೋಧನೆಯನ್ನು ಕೇಳಲು ಮಂಗಳೂರಿಗೆ ಬಂದು, 1853ರ ಆರಂಭದಲ್ಲಿ ಸ್ತೆಫನ ಎಂಬ ಹೆಸರಿನಿಂದ ದೀಕ್ಷಾಸ್ನಾನ ಹೊಂದಿದರು. ಮೊಗ್ಲಿಂಗರು ಪ್ರಯಾಣವನ್ನು ಬಿಟ್ಟು ಅವರ ಹಿಂದೆ ಕೊಡಗಿಗೆ ಹೋದರು. ಅಲ್ಲಿ ಜೀತಕ್ಕಿದ್ದ ಹೊಲೆಯ ಕುಲದವರು ಸುವಾರ್ತೆಯನ್ನು ಅಂಗೀಕರಿಸಲು, ಅವರಿಗಾಗಿ ಆನಂದಪುರವೆಂಬ ಊರು ಎದ್ದಿತು. ಕೌಂಡಿನ್ಯರ ಹೆಸರೇ ಆ ಊರಿಗೆ ಇಡಲ್ಪಟ್ಟಿತು. ಬ್ರಾಹ್ಮಣರ ಮನೆಯಿಂದ ಬಂದ ಹುಡುಗನ ಹೆಸರಿನ ಊರಿನಲ್ಲಿ ಜೀತದಾಳುಗಳು ತಮ್ಮ ಸ್ವಂತ ಹೊಲೆಯನ್ನಲ್ಲ, ಸ್ವಂತ ಮನೆಯನ್ನು ಕಂಡರು. ದೇವರ ಮಹತ್ವದ ಪಾಠವು ಆಕಾಶದ ನಕ್ಷತ್ರಗಳಲ್ಲಿ ಆರಂಭವಾದರೂ ಇಂಥ ಊರನ್ನು ಮುಟ್ಟುವ ತನಕ ಪೂರ್ತಿಯಾಗುವುದಿಲ್ಲವೆಂದು ನಮ್ಮ ಅಭಿಪ್ರಾಯ.

ಅವರ ಮನೆಯ ಸಂಗತಿ ಸಂಕ್ಷೇಪವಾಗಿ ಇಷ್ಟೆ. ಕನ್ನಡ ಸತ್ಯವೇದದ ಕೆಲಸದಲ್ಲಿ ಅವರಿಗೆ ಜೊತೆಯಾಗಿದ್ದ ವೈಗ್ಲೆ ಅಯ್ಯನವರು 1855ರಲ್ಲಿ ತೀರಿಹೋಗಲು, ಅವರ ವಿಧವೆಯಾದ ಪೌಲೀನಮ್ಮನವರನ್ನು ಮದುವೆಯಾಗಿ ಅವರ ಗಂಡುಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯುಬಿಂಗೆನ್ ವಿದ್ಯಾಪೀಠವು ಅವರ ಕನ್ನಡ ಗ್ರಂಥಗಳ ಕೆಲಸಕ್ಕಾಗಿ ಡಾಕ್ಟರ್ ಪದವಿಯನ್ನು ಕೊಟ್ಟಿತು. 1860ರಲ್ಲಿ ಹೆಂಡತಿಯ ಅಸ್ವಸ್ಥತೆಯ ದೆಸೆಯಿಂದ ದೇಶಕ್ಕೆ ಹೋದವರು ತಿರುಗಿ ಬರಲಾಗಲಿಲ್ಲ. ಅಲ್ಲಿಯೂ ಸುಮ್ಮನಿರದೆ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸುತ್ತಿದ್ದರು. 1881ನೆಯ ಮೇ 10ರಂದು ಎಸ್ಲಿಂಗೆನ್ ಊರಿನಲ್ಲಿ ಕರ್ತನಲ್ಲಿ ನಿದ್ರೆಹೋದರು.

ಅವರ ಶಿಷ್ಯರು ಅವರಿಗಿಂತ ಹನ್ನೆರಡು ವರುಷ ಹೆಚ್ಚು ಬದುಕಿ, ಸೆಮಿನರಿಯಲ್ಲಿ ಪಾಠ ಹೇಳಿ, 1893ರಲ್ಲಿ ತೀರಿಕೊಂಡರು. ದೀಕ್ಷಾಸ್ನಾನದ ದಿನ ಗುರುಗಳ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು ಕಡೆಯ ವರೆಗೂ ಹರ್ಮನ್ ಆನಂದರಾವ್ ಕೌಂಡಿನ್ಯರೆಂದೇ ಕರೆಯಲ್ಪಡುತ್ತಿದ್ದರು.